ಮೇಷ್ಟ್ರು ವಿಮಾನ ಕಲಿತದ್ದು

ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಮೇಷ್ಟ್ರು ಕೆಲಸ ಬಿಟ್ಟು ವಿಮಾನ ಕಲಿಯೋಕೆ ಹೊರಟರೆ, ಮೈ ಉರಿಸೋ ಜನರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವರೇ ಬಾಗಿಲಿಗೆ ಬರುತ್ತಾರೆ. ಎಪ್ಪತ್ತರ ದಶಕದ ಮಾತು. ಲೈಸೆನ್ಸ್ ತಂದರೆ ಹತ್ತಿ ಹೊಲಗಳಿಗೆ ಮೇಲಿಂದ ಔಷಧಿ ಹೊಡೆಯೋ ಪೈಲಟ್ ಕೆಲಸ ಕೊಡ್ತೀವಿ ಅಂತ ಒಂದು ಕಂಪನಿ ಹೇಳಿತ್ತು. ನಾನು ರಾಜೀನಾಮೆ ಕೊಟ್ಟ ದಿನದಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು.

ತಪಾಸಣೆ

ಲೈಸೆನ್ಸಿನ ತಪಾಸಣೆಗೆ ಹೋದರೆ ಡಾಕ್ಟರು ನನ್ನನ್ನು ನೋಡಿ, "ಹುಡುಗ ಎಲ್ಲಿ?" ಅಂದರು.

"ನಾನೇ ಕಲಿಯೋನು."

ಅವರು ನಕ್ಕು, ತೋಳಿಗೆ ಪಟ್ಟಿ ಸುತ್ತಿದರು. "ಬಿ.ಪಿ. ಜಾಸ್ತಿ ಇದೆಯಲ್ರೀ."

"ನೀವು ಬಾಯಿ ತೆಗೆಯೋವರೆಗೂ ಸರಿಯಾಗಿತ್ತು," ಅಂದೆ.

ಹುಳುವಿನ ಜ್ವರ

ನಮ್ಮ ವಿಜಯಪುರದ ಕಡೆ ರೇಷ್ಮೆ ಹುಳು ಮೇವು ಬಿಟ್ಟು ಪೊರೆ ಕಳಚೋ ಹೊತ್ತಿಗೆ ಜ್ವರ ಅಂತಾರೆ. ಆಗ ಹುಳು ಸಾಕೋ ಮನೆಯಲ್ಲಿ ಕೆಮ್ಮೋದೂ ಮೆಲ್ಲಗೆ. ಒಂದು ಭಾನುವಾರ ಯಾರದೋ ವಿಮಾನ ಊರ ಮೇಲೆ ಗುಡುಗಿಕೊಂಡು ಹೋಯಿತು. ಪಕ್ಕದ ಮನೆಯಾಕೆ ಸೀದಾ ನಮ್ಮ ಜಗಲಿಗೆ ಬಂದಳು.

"ಹುಳ ಜ್ವರಕ್ಕೆ ಕೂತವೆ, ಈಗ್ಲೇ ಹಾರಿಸ್ಬೇಕಿತ್ತಾ ಮೇಷ್ಟ್ರೇ?"

ಮುಖದ ತುಂಬ ಸೋಪು ಹಚ್ಚಿಕೊಂಡು ಕೂತಿದ್ದ ನನಗೆ ರೇಗಿಹೋಯಿತು. "ನಾನು ಇಲ್ಲೇ ಇದ್ದೀನಲ್ಲಮ್ಮ!"

"ಅಲ್ಲಿ ಮೇಲೆ ವಿಮಾನಾನ ಯಾರ ಕೈಗೆ ಬಿಟ್ಟು ಬಂದ್ರಿ ಮತ್ತೆ?"

ಅಪ್ಪನನ್ನು ಕರ್ಕೊಂಡು ಬಾ

ವಿಮಾನ ಹೇಳಿಕೊಡೋಕೆ ಸಿಕ್ಕಿದವನು ನನ್ನ ಹಳೇ ಶಿಷ್ಯ. ಲೆಕ್ಕ ತಪ್ಪಿದಾಗಲೆಲ್ಲ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, "ನಾಳೆ ಅಪ್ಪನ್ನ ಕರ್ಕೊಂಡು ಬಾ" ಅನ್ನುತ್ತಿದ್ದೆ. ಅವನು ಹ್ಞೂಂ ಅನ್ನದೆ ನಾನು ಒಬ್ಬನೇ ಹಾರಿಸೋ ಹಾಗಿಲ್ಲ. ಒಬ್ಬನೇ ಹಾರಿಸದೆ ಲೈಸೆನ್ಸೂ ಇಲ್ಲ, ಕೆಲಸವೂ ಇಲ್ಲ. ನಾನು ಇಳಿಸಿದಾಗಲೆಲ್ಲ ವಿಮಾನ ಕಪ್ಪೆ ಥರ ಕುಪ್ಪಳಿಸುತ್ತಿತ್ತು.

ಒಂದು ದಿನ ಅವನಿಗೆ ತಾಳ್ಮೆ ತಪ್ಪಿತು. "ತಪ್ಪು ತಿಳೀಬೇಡಿ ಸಾರ್, ನೀವು ಶುದ್ಧ ದಡ್ಡರು. ನಾಳೆ ತಂದೆಯವ್ರನ್ನ ಕರ್ಕೊಂಡು ಬನ್ನಿ."

ಮನೆಗೆ ಬಂದು, ಒಳಗೆ ಅಪ್ಪ ಇದ್ದಾರೆ ಅನ್ನೋದನ್ನೂ ಮರೆತು, ಹೆಂಡತಿಯ ಮುಂದೆ ಕೂಗಾಡಿದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದರೆ ಅಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಕೊಡೆ ಹಿಡಿದು ನಿಂತಿದ್ದಾರೆ. ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಇದ್ದರೂ ಮುಂದಿನ ಸೀಟಿಗೆ ಹೋಗಿ ಕೂತರು. ಈ ವಯಸ್ಸಿನಲ್ಲಿ ಈ ಅವಮಾನ ಬೇರೆ ಅಂತ ನಾನು ಹಲ್ಲು ಕಡಿಯುತ್ತಾ ಕೂತೆ. ಆ ಸಿಟ್ಟಿನಲ್ಲೇ ವಿಮಾನ ಏರಿದೆ, ಸುತ್ತಿದೆ, ಇಳಿಸಿದೆ. ಒಂದು ಸಲವೂ ಕುಪ್ಪಳಿಸಲಿಲ್ಲ.

"ನಾಳೆ ನೀವೊಬ್ಬರೇ ಹೋಗಿ ಸಾರ್," ಅಂದ ಶಿಷ್ಯ.

ಎದೆಯುಬ್ಬಿಸಿ ಅಪ್ಪನ ಕಡೆ ನೋಡಿದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ನನ್ನ ಶಿಷ್ಯನಿಗೆ ಕೈ ಮುಗಿದು ಹೇಳಿದರು:

"ಇವತ್ತು ಸರಿಯಾಗಿ ಇಳಿಸ್ದ ಅಂತ ಸಲುಗೆ ಕೊಡ್ಬೇಡಿ ಮೇಷ್ಟ್ರೇ. ತಪ್ಪು ಮಾಡಿದ್ರೆ ಬಾರಿಸಿ. ಕಣ್ಣು ಮಾತ್ರ ಬಿಟ್ಬಿಡಿ, ವಿಮಾನ ಓಡಿಸೋನಿಗೆ ಬೇಕಾಗ್ತವೆ."