ಸೋಪಾ, ಮಧ್ಯಮ, ಅವಘಡ

ಪರರಿಗಾಗಿ ಆಯ್ಕೆ ಮಾಡುವವನಷ್ಟು ಸುಲಭವಾಗಿ ಅವಮಾನಕ್ಕೆ ಸಿಗುವ ಪ್ರಾಣಿ ಇನ್ನೊಂದಿಲ್ಲ. ನಿಲಂಗಾದಲ್ಲಿ ಅಲೆದು ನನ್ನ ತಂಗಿಗೆ ವರನನ್ನು ಹುಡುಕಿದವನು ನಾನು. ಮದುವೆಯ ಊಟದಲ್ಲಿ ನನಗೆ ದೊರೆತದ್ದು ಎರಡನೆಯ ಪಂಕ್ತಿ. ಇದನ್ನು ಕಹಿಯಿಂದ ಹೇಳುತ್ತಿಲ್ಲ, ನೆನಪಿನಿಂದ ಹೇಳುತ್ತಿದ್ದೇನೆ. ಹೀಗಿದ್ದೂ, ಹತ್ತನೆಯ ತರಗತಿ ಮುಗಿಸಿದ ಮೊಮ್ಮಗಳು ಅಕ್ಷತಾ ಕೊಂಕಣದ ಹೊಳೆಯಲ್ಲಿ ರಾಫ್ಟಿಂಗ್ ಮಾಡಬೇಕೆಂದು ಹಟ ಹಿಡಿದಾಗ, ಯಾವ ಪ್ರವಾಸವೆಂದು ಆರಿಸುವ ಹೊಣೆಯನ್ನು ನಾನೇ ಹೊತ್ತೆ. ಮಗ, ಸೊಸೆ, ಮಂಡಿನೋವಿನ ನನ್ನ ಹೆಂಡತಿ, ಉದಗೀರದ ನಮ್ಮ ಮನೆಗೆ ಅತಿಥಿಯಾಗಿ ಬಂದಿದ್ದ ಸೊಸೆಯ ತಂದೆ, ಎಲ್ಲರೂ ಒಂದೇ ದೋಣಿಯಲ್ಲಿ ಕೂರಬೇಕು, ಯಾರೊಬ್ಬರೂ ಬೇರೆಯಾಗಿ ಉಳಿಯಬಾರದು ಎಂಬುದೊಂದೇ ನನ್ನ ಆಸೆಯಾಗಿತ್ತು.

ದೋಣಿಯವನಿಗೆ ಫೋನು ಮಾಡಿದೆ. ಅವನು ಮರಾಠಿಯಲ್ಲಿ ಹೇಳಿದ ಮೂರು ಬಗೆಗಳನ್ನು ಎಲ್ಲರಿಗೂ ಕೇಳುವಂತೆ ಉಚ್ಚರಿಸಿದೆ: “ಸೋಪಾ, ಮಧ್ಯಮ, ಅವಘಡ.”

ಬೀಗರು ಶಹಾಪುರದ ಕಡೆಯವರು, ಮರಾಠಿಯ ಗಂಧವಿಲ್ಲ. ಚಹಾದ ಕಪ್ಪನ್ನು ಕೆಳಗಿಟ್ಟರು. “ಏನ್ರೀ ಬೀಗರ, ನಿಮ್ಮ ಮಹಾರಾಷ್ಟ್ರದಾಗ ಅವಘಡಕ್ಕೂ ಬುಕಿಂಗ್ ಮಾಡ್ತಾರ?”

ಮರಾಠಿಯಲ್ಲಿ ಅವಘಡವೆಂದರೆ ಕಠಿಣ, ಅಷ್ಟೇ ಎಂದು ವಿವರಿಸಿದೆ.

“ಹಂಗಾರ ಖರೇನ ಅವಘಡ ಆದ್ರ ಏನಂತಾರ್ರೀ?”

“ಅಪಘಾತ.”

“ಭಾಳ ಹುಷಾರ್ ಮಂದಿ ಬಿಡ್ರಿ. ಮೊದಲ ಹೇಳಿನೇ ಮುಳುಗಸ್ತಾರ!”

ಮನೆ ನಕ್ಕಿತು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಒಂದು ವಿನೋದಕ್ಕೂ ತುಟಿ ಬಿಚ್ಚದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ನಾನು ಗಮನಿಸಿದ್ದೇನೆ.

ಎಲ್ಲರಿಗೂ ಹೊಂದುವುದು ಮಧ್ಯಮವೆಂದು ನಿರ್ಧರಿಸಿ ಮತ್ತೆ ಫೋನು ಹಚ್ಚಿದೆ. ಮಂಡಿನೋವಿದ್ದವರು ಕೂರಬಹುದೇ? ಈಜು ಬಾರದವರು? ಕನ್ನಡಕ? ಎಲ್ಲಕ್ಕೂ ಅಡ್ಡಿಯಿಲ್ಲವೆಂದ. ಕೊನೆಗೆ, “ಕಾಕಾ, ನಿಮ್ಮ ವಯಸ್ಸೆಷ್ಟು?” ಎಂದ. ಮಾಹಿತಿ ಅಪೂರ್ಣವಾಗಬಾರದೆಂದು ವಯಸ್ಸಿನ ಜೊತೆಗೆ ರಕ್ತದೊತ್ತಡದ ಗುಳಿಗೆಯನ್ನೂ ಹೇಳಿದೆ. ಹಾಗಾದರೆ ನಿಮಗೆ ಸೋಪಾ, ಅಂದರೆ ಸುಲಭದ್ದೇ ಗತಿ ಎಂದುಬಿಟ್ಟ.

“ಸೋಪಾ ಕೊಡ್ತಾರಂತ್ರೀ,” ಎಂದರು ಬೀಗರು, “ಕಾಲ ಚಾಚಿ ಆರಾಮ ಕುಂಡರ್ರಿ.”

ಆಗಲೂ ಎಲ್ಲರೂ ನಕ್ಕರು. ‘ಹಾಗಾದರೆ ನಾವೆಲ್ಲರೂ ಸೋಪಾಕ್ಕೇ ಹೋಗೋಣ’ ಎಂಬ ಮಾತಿಗಾಗಿ ನಾನು ಎರಡು ದಿನ ಕಾದೆ. ಯಾರ ಬಾಯಿಂದಲೂ ಅದು ಬರಲಿಲ್ಲ.

ಹೊಳೆಯ ದಂಡೆಯಲ್ಲಿ, ನನಗಿಂತ ಒಂದು ವರ್ಷ ಹಿರಿಯರಾದ ಬೀಗರು ಕಲಪು ಹಚ್ಚಿದ ಕಪ್ಪು ಕೂದಲಿನ ಬಲದಿಂದ ಮಧ್ಯಮದ ದೋಣಿ ಹತ್ತಿದರು. ನಮ್ಮ ಮನೆಯ ಮೂರು ಮೆಟ್ಟಿಲಿಗೆ ನನ್ನ ಭುಜ ಬೇಡುವ ಹೆಂಡತಿ ಒಂದೇ ನೆಗೆತಕ್ಕೆ ಅವರ ಹಿಂದೆ ಕುಳಿತಳು. ಕೆಳಗಿನ ಶಾಂತ ನೀರಿನ ದೋಣಿಗೆ ಹೊರಟವನು ನಾನು, ಗುರುತಿಲ್ಲದ ನಾಲ್ಕು ಚಿಕ್ಕ ಮಕ್ಕಳೊಂದಿಗೆ. ಅಷ್ಟರಲ್ಲಿ ಅಕ್ಷತಾ ಓಡಿಬಂದು ನನ್ನ ಪಕ್ಕದಲ್ಲಿ ಕುಳಿತಳು. ಎದೆ ತುಂಬಿಬಂತು. ನನ್ನ ರಕ್ತಕ್ಕೆ ಇನ್ನೂ ನ್ಯಾಯದ ಅರಿವಿದೆ ಎಂದುಕೊಂಡೆ.

“ನೀ ಆ ದೋಣ್ಯಾಗ ಯಾಕ ಹೋಗಲಿಲ್ಲವ್ವಾ?” ಎಂದು ಕೇಳಿದೆ, ಉತ್ತರ ಗೊತ್ತಿದ್ದವನಂತೆ.

“ಯಾರರ ಒಬ್ಬರು ನಿನ್ನ ಜೋಡಿ ಇರಬೇಕಲ್ಲ ಮುತ್ಯಾ? ಅದಕ್ಕ ಚೀಟಿ ಎತ್ತಿದ್ವಿ. ನನ್ನ ಹೆಸರು ಬಂತು.”

ದೋಣಿ ದಂಡೆ ಬಿಟ್ಟಿತು. ಕ್ರಮ ತಪ್ಪಿದ್ದನ್ನು ಸಹಿಸುವುದು ನನ್ನಿಂದ ಎಂದೂ ಆಗಿಲ್ಲ.

“ಚೀಟ್ಯಾಗ ಯಾರ್ಯಾರ ಹೆಸರಿದ್ವು?”

“ಪಪ್ಪ, ಮಮ್ಮಿ, ಆಯಿ, ನಾ.”

“ಬೀಗರದು?”

“ಅವರು ಮನಿಗೆ ಬಂದ ಪಾವಣ್ಯಾರಲ್ಲೇನ ಮುತ್ಯಾ, ಹಾಕಲಿಲ್ಲ.”

“ಹಂಗಾದ್ರ ಅದು ನ್ಯಾಯ ಆಗಲಿಲ್ಲ,” ಎಂದೆ. “ತಿರುಗಿ ಎತ್ತಬೇಕು.”

“ಖರೇನ ಮುತ್ಯಾ?” ಎನ್ನುತ್ತಾ ಅವಳು ಇನ್ನೂ ದಂಡೆಯಲ್ಲೇ ಇದ್ದ ಆ ದೋಣಿಯ ಕಡೆ ಥಟ್ಟನೆ ತಿರುಗಿದಳು. ಆ ಇಡೀ ಪ್ರವಾಸದಲ್ಲಿ ಅಷ್ಟು ಬೆಳಗಿದ ಮುಖವನ್ನು ನಾನು ನೋಡಿರಲಿಲ್ಲ. ಮನೆಯವರನ್ನು ಸಂತೋಷಪಡಿಸುವಂಥ ಒಂದು ಮಾತನ್ನು ನಾನೂ ಕೊನೆಗೆ ಆಡಿದಂತಾಯಿತು.