ಫಿಸಿಕ್ಸು ಮತ್ತು ನನ್ನ ಬಲಗಾಲು

"ಇವಳು ಡಿಗ್ರಿ ಮಾಡ್ತಾಳಾ? ಆಗದ ಮಾತು" ಎಂದು ಮೊದಲು ಘೋಷಿಸಿದವರು ನನ್ನ ಸೋದರತ್ತೆ ಗಂಗಮ್ಮ. ಕಾರಣ ನನ್ನ ತಲೆಯಲ್ಲ, ಬಲಗಾಲು. ಕೂತ ತಕ್ಷಣ ಅದು ಹೊಲಿಗೆ ಮೆಷಿನ್ ತುಳಿದಂತೆ ಅಲ್ಲಾಡತೊಡಗುತ್ತದೆ. ಹೆಣ್ಣುಮಕ್ಕಳು ಹಾಗೆ ಕಾಲು ಅಲ್ಲಾಡಿಸಿದರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳಂತೆ. ಭದ್ರಾವತಿಯ ನಮ್ಮ ಶೀಟಿನ ಮನೆಗೆ ಆಕೆ ಬಂದಿದ್ದಾದರೂ ಯಾವಾಗ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ದಿನವೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗುತ್ತಿದ್ದೆ. ಘನ, ದ್ರವ, ಅನಿಲಗಳನ್ನು ಕಲಿಸಿದ್ದು ಆ ಬಸ್ಸೇ ಅನ್ನಬೇಕು. ಭದ್ರಾವತಿ ಬಿಡುವಾಗ ನಾವೆಲ್ಲ ಘನ. ಕದಲಲು ಜಾಗವಿಲ್ಲ, ನಿಂತಲ್ಲೇ ಕುಲುಕಾಟ. ಶಿವಮೊಗ್ಗದಲ್ಲಿ ಬಾಗಿಲು ತೆರೆದರೆ ದ್ರವವಾಗಿ ಹರಿದು, ಮರುಕ್ಷಣವೇ ಅನಿಲವಾಗಿ ಗೋಪಾಳ, ವಿನೋಬನಗರ ಅಂತ ದಿಕ್ಕಾಪಾಲು. ಘನವಸ್ತುವಿನ ಕಣಗಳೂ ಇದ್ದಲ್ಲೇ ಕಂಪಿಸುತ್ತವೆ, ಬಿಸಿಯಾದಷ್ಟೂ ಜೋರಾಗಿ ಎಂದು ಮೇಷ್ಟ್ರು ಹೇಳಿದ ದಿನ ನನ್ನ ಕಾಲಿಗೆ ವಕೀಲರು ಸಿಕ್ಕಂತಾಯಿತು. ಸಂಜೆಯೇ ಅತ್ತೆಯ ಮುಂದೆ ವಾದ ಮಂಡಿಸಿದೆ. "ಅತ್ತೆ, ನೀವು ಕೂತಿರೋ ಜಗಲಿ ಕಲ್ಲೂ ಒಳಗೊಳಗೇ ಅಲ್ಲಾಡ್ತಿದೆ. ಇದು ಫಿಸಿಕ್ಸು."

"ಕಲ್ಲಿಗೆ ಗಂಡು ಹುಡುಕೋದು ಬೇಡ್ವಲ್ಲೇ ಮಾರಾಯ್ತಿ, ಅದು ಅಲ್ಲಾಡ್ಲಿ. ನೀನು ನಿಲ್ಸು!"

ಕೊನೆಯ ವರ್ಷದ ಪ್ರಾಕ್ಟಿಕಲ್‌ನಲ್ಲಿ ಫೇಲಾದೆ. ಫೌಂಡ್ರಿಯಲ್ಲಿ ದಿನವಿಡೀ ಬೆಂದು ಬರುವ ಅಪ್ಪ ಚಪ್ಪಲಿ ಬಿಡುತ್ತಲೇ ಹೇಳಿದರು: "ಇನ್ನೊಂದ್ಸಲ ಕೂತ್ಕೋ. ಆಗ್ಲಿಲ್ಲಾಂದ್ರೆ ಅತ್ತೆ ಹೇಳಿದ ಗಂಡನ್ನ ನೋಡೋಣ." ಗಂಡಿನ ಫೋಟೋ ಆಗಲೇ ದೇವರ ಗೂಡು ಸೇರಿತ್ತು, ಬೆಳಿಗ್ಗೆ ಬೆಳಿಗ್ಗೆ ನಾನು ಅವನಿಗೂ ಕೈಮುಗಿದಂತಾಗುತ್ತಿತ್ತು.

ಎರಡನೇ ಸಲ ವೈವಾದಲ್ಲಿ ಮೇಡಂ ಕೇಳಿದರು: "ಕಬ್ಬಿಣದ ಸರಳು ಕಾಯಿಸಿದ್ರೆ ಅದರ ಕಣಗಳು ಏನ್ಮಾಡ್ತವೆ?" ಭದ್ರಾವತಿಯವಳಿಗೆ ಕಬ್ಬಿಣದ ಪ್ರಶ್ನೆ, ತಲೆ ಪೂರ್ತಿ ಖಾಲಿ! ಮೇಜು ಗಡಗಡ ಅನ್ನತೊಡಗಿತು. ಮೇಡಂ ಬಗ್ಗಿ ಕೆಳಗೆ ನೋಡಿ, "ಏನಮ್ಮಾ ಅದು, ನಿನ್ನ ಕಾಲಾ?" ಎಂದರು. ನಾನೂ ಬಗ್ಗಿ ನೋಡಿದೆ.

"ಅದೇ ಮೇಡಂ! ಜಾಗ ಬಿಡಲ್ಲ, ಇದ್ದಲ್ಲೇ ಅಲ್ಲಾಡ್ತವೆ. ಬಿಸಿ ಏರಿದಷ್ಟೂ ಜೋರು!"

ಪಾಸಾದೆ. ಫೋಟೋ ಗೂಡಿನಿಂದ ಇಳಿಯಿತು. ಘಟಿಕೋತ್ಸವದಿಂದ ಬಂದವಳೇ ಪದವಿಪತ್ರವನ್ನು ಅತ್ತೆಯ ಕೈಗಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿಯಲ್ಲಿ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡರು. ನೋಡುತ್ತೇನೆ, ಪತ್ರ ತಾನಾಗಿ ಕುಣಿಯುತ್ತಿದೆ. ಅದರ ಕೆಳಗೆ ಅತ್ತೆಯ ಮೊಣಕಾಲು! ಅವರ ಪಕ್ಕ ಕೂತಿದ್ದ ನಾನು ಮೆಲ್ಲಗೆ, "ಅತ್ತೆ, ನಿಮ್ಮ ಕಾಲು..." ಎಂದೆ.

"ನಂದು ಫಿಸಿಕ್ಸು ಕಣೇ" ಎಂದರು ಅತ್ತೆ. "ನೀನು ನಿಲ್ಸು."