ಮಗ್ಗದ ಕುಣಿಯಲ್ಲಿ ಸೈಕಲ್ ವೀರ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ. ಇಳಕಲ್ಲಿನ ನಮ್ಮ ಮನೆಯ ಮುಂದೆ ನಾನು ಸೈಕಲ್ಲಿನಿಂದ ಇಳಿಯುತ್ತಿದ್ದೆ. ಇಳಿದು ಮುಗಿದಾಗ ಹತ್ತು ಇಪ್ಪತ್ತೊಂದು!

ಆದರೂ ಎದೆ ಉಬ್ಬಿತ್ತು. ಸೈಕಲ್ ಕೊಂಡ ಒಂಬತ್ತನೇ ದಿನಕ್ಕೇ ಹುನಗುಂದಕ್ಕೆ ಹೋಗಿ ಬಂದಿದ್ದೆ. ಇಪ್ಪತ್ತೆಂಟು ಕಿಲೋಮೀಟರ್!

"ಇನ್ನ ದಿನಾ ಲ್ಯಾಬಿಗೆ ಸೈಕಲ್ ಮ್ಯಾಲೇ ಹೋಗ್ತೇನಿ. ಬಸ್ಸಿನ ಋಣಾ ಮುಗೀತು!" ಎಂದು ಘೋಷಿಸಿದೆ.

"ಮೊದಲ ಹೊಸ್ತಿಲಾ ದಾಟ್ರಿ" ಎಂದಳು ಹೆಂಡತಿ ಅಂಜನಾ.

ದಾಟಿದೆ, ಬಾಗಿಲ ಚೌಕಟ್ಟು ಹಿಡಿದು. ನಾನು ಬಿ.ಎಸ್ಸಿ. ಓದಿದವನು, ಹುನಗುಂದದಲ್ಲಿ ಜನರ ರಕ್ತ ಪರೀಕ್ಷಿಸುವವನು. ದಣಿವನ್ನೂ ವಿಧಾನಬದ್ಧವಾಗಿಯೇ ಇಳಿಸಬೇಕಲ್ಲ? ಬಿಗಿದ ಕಾಲಿಗೆ ತಂಪು ಬೇಕು, ಜೊತೆಗೆ ಹಗುರವಾದ ಚಲನೆ. ಎರಡೂ ಒಟ್ಟಿಗೆ ಸಿಗುವ ಜಾಗ ನಮ್ಮ ಮನೆಯಲ್ಲಿ ಒಂದೇ: ಅಂಜನಾಳ ಕುಣಿಮಗ್ಗ. ನೆಲದಲ್ಲಿ ತೋಡಿದ ತಣ್ಣನೆಯ ಕುಣಿ, ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರೆ ತುಳಿಯಲು ಎರಡು ಹಲಗೆ. ಪೆಡಲ್ಲಿನ ತದ್ರೂಪ!

ಮಗ್ಗದ ಮೇಲೆ ಹಸಿರು ಸೀರೆಯಿತ್ತು. ಮರುದಿನ ಕೆರೂರಿನಲ್ಲಿ ಅಂಜನಾಳ ತಂಗಿಯ ಕುಬಸ, ಅಂದರೆ ಸೀಮಂತ. ಬಸುರಿ ತಂಗಿಗೆ ತನ್ನ ಕೈಯಾರೆ ನೇಯ್ದ ಸೀರೆಯನ್ನೇ ಉಡಿಸಬೇಕೆಂದು ಅವಳ ಆಸೆ. ನಾಲ್ಕು ಮೊಳ ಬಾಕಿ. ಬಸ್ಸು ಮೂರಕ್ಕೆ. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಹತ್ತೇ ನಿಮಿಷ ಚಿಕಿತ್ಸೆ ಪಡೆದು ಏಳುವುದೆಂದು ಕುಣಿಗೆ ಇಳಿದೆ.

ಆಹಾ, ಆ ತಂಪು! ಮೆಲ್ಲಗೆ ಒಮ್ಮೆ ತುಳಿದೆ. ಎರಡನೆಯ ತುಳಿತಕ್ಕೆ ಎರಡೂ ತೊಡೆಗಳು ಒಟ್ಟಿಗೇ ಸೆಟೆದು ನಿಂತವು. "ಅಯ್ಯಯ್ಯೋ!" ಎಂದು ಒದ್ದುಕೊಂಡೆ. ಆಸರೆಗೆ ಹಿಡಿದದ್ದು ಮಗ್ಗದ ಉದ್ದಕ್ಕೂ ಬಿಗಿದಿದ್ದ ಹಾಸಿನ ನೂಲನ್ನು. ಹನ್ನೊಂದು ಎಳೆ ಪಟಪಟನೆ ಕಡಿದವು!

ಹಿಟ್ಟಿನ ಕೈಯಲ್ಲೇ ಅಂಜನಾ ಓಡಿಬಂದಳು. ಕೂಗು ಕೇಳಿ ಪಕ್ಕದ ಮನೆಯ ಜೈನಬಿಯೂ ಬಂದಳು. ಇಬ್ಬರೂ ಒಂದೊಂದು ರಟ್ಟೆ ಹಿಡಿದು ಎಳೆದರು. ನಾನು ಚೀರಿದೆನೇ ಹೊರತು ಮೇಲೆ ಬರಲಿಲ್ಲ.

"ಏನವಾ ಅಂಜನಾ, ಯಜಮಾನ್ರನ್ನ ನಟ್ಟೀಯೇನ? ನೀರ್ ಹಾಕು, ಸಂಜಿಕ ಚಿಗೀತಾರ!" ಎಂದು ನಗುತ್ತ ಜೈನಬಿ ಎಣ್ಣೆ ಕಾಯಿಸಲು ಹೋದಳು.

ಅಂಜನಾ ನಗಲಿಲ್ಲ. ಸೀರೆ ನೋಡಿದಳು. ಗಡಿಯಾರ ನೋಡಿದಳು. ನನ್ನ ಮುಖ ನೋಡಿದಳು.

"ಸರೀರಿ ಆ ಕಡೆ."

"ಸಿಟ್ಟ ಬಂದೈತೇನ?"

"ಸಿಟ್ಟಿಗೆ ಈಗ ಪುರಸೊತ್ತಿಲ್ಲ. ಸರೀರಿ."

ಕೈ ತೊಳೆದು ಬಂದು, ಒಂದೊಂದೇ ಎಳೆ ಹೊಸೆದು ಕೂಡಿಸಿದಳು. ಆಮೇಲೆ ನನ್ನ ಪಕ್ಕಕ್ಕೇ ಒತ್ತಿಕೊಂಡು ಕೂತು ಕಾಲು ಇಳಿಬಿಟ್ಟಳು. ಒಬ್ಬರ ಕುಣಿಯಲ್ಲಿ ನಾಲ್ಕು ಕಾಲು!

"ನಿಮ್ಮ ಕಾಲು ನನ್ನ ಕಾಲಿನ ಮ್ಯಾಲೆ ಇಡ್ರಿ. ನೀವೇನೂ ತುಳೀಬ್ಯಾಡ್ರಿ. ಸುಮ್ನ ನನ್ನ ಜೋಡಿ ಬರ್ರಿ."

ಇಟ್ಟೆ. ಅವಳ ಪಾದ ಇಳಿದಾಗ ನನ್ನದೂ ಇಳಿಯಿತು, ಏರಿದಾಗ ಏರಿತು. ಲಾಳಿ ಆ ಕಡೆ ಈ ಕಡೆ ಓಡಿತು. ನಡುನಡುವೆ ಜೈನಬಿ ತಂದುಕೊಟ್ಟ ಬಿಸಿ ಎಣ್ಣೆಯನ್ನು ಅಂಜನಾಳೇ ನನ್ನ ತೊಡೆಗೆ ತಿಕ್ಕಿ ಕೈ ಒರೆಸಿಕೊಂಡಳು. ಅರ್ಧ ತಾಸಿಗೆ ತೊಡೆ ಸಡಿಲವಾಗತೊಡಗಿತು.

ನೋವು ಇಳಿದರೆ ನನಗೆ ಲೆಕ್ಕ ಏರುತ್ತದೆ! ಗಡಿಯಾರ ನೋಡಿ ಎಣಿಸಿದೆ. ನಿಮಿಷಕ್ಕೆ ಐವತ್ತು ತುಳಿತ. ತಾಸಿಗೆ ಮೂರು ಸಾವಿರ. ದಿನಕ್ಕೆ ಆರು ತಾಸು ನೇಯುತ್ತಾಳೆ: ಹದಿನೆಂಟು ಸಾವಿರ. ನನ್ನ ಐತಿಹಾಸಿಕ ಹುನಗುಂದ ಯಾತ್ರೆಗೆ ಎಷ್ಟು ಹಾಕಿದರೂ ಹನ್ನೊಂದು ಸಾವಿರದ ಇನ್ನೂರು!

"ಅಂಜನಾ, ನೀ ದಿನಾ ನನಗಿಂತ ದೂರ ಹೋಗಿ ಬರ್ತೀ!"

"ಹೌದೇನ್ರಿ?" ಲಾಳಿ ನಿಲ್ಲಲಿಲ್ಲ.

"ಖರೆ! ಇದನ್ನ ಯಾರರೆ ಬರದ ಇಡಬೇಕು."

"ಹ್ವಾದ ವರ್ಷ ಒಬ್ಬಾಕಿ ಬರ್ಕೊಳ್ಳಾಕ ಬಂದಿದ್ಲಲ್ರಿ, ಮನಿ ಮನಿ ಗಣತಿಗೆ. 'ನಿಮ್ಮ ಹೆಂಡ್ತಿ ದಿನಕ್ಕ ಎಷ್ಟು ತಾಸು ದುಡೀತಾರ?' ಅಂತ ನಿಮ್ಮನ್ನ ಕೇಳಿದ್ಲು. ನಾ ಇಲ್ಲೇ ನೇಯಾಕತ್ತಿದ್ನಿ. ನೀವ ಕಟ್ಟಿ ಮ್ಯಾಲೆ ಕುಂತು ಹೇಳಿದ್ರಿ."

ಅವಳ ದನಿಯಲ್ಲಿ ದೂರಿರಲಿಲ್ಲ. ಅವಳ ಪಾದ ನನ್ನ ಪಾದವನ್ನು ಹೊತ್ತುಕೊಂಡೇ ಇಳಿಯಿತು, ಏರಿತು. ನನಗೆ ನೆನಪಾಯಿತು. "ಆಕಿ ಮನ್ಯಾಗ ಇರ್ತಾಳ್ರಿ" ಎಂದು ಶುರುಮಾಡಿ, ಅಂಕಿಅಂಶದಲ್ಲಿ ತಪ್ಪಾಗಬಾರದೆಂದು, ಬೀದಿಗೆಲ್ಲ ಕೇಳುವಂತೆ ಬಿಡಿಸಿ ಹೇಳಿದ್ದೆ: ಸೊನ್ನೆ.